ಅನಿಲದ ಒಲೆಯೂ ಗೃಹಿಣಿಯ ಎಚ್ಚರಿಕೆಯೂ

ಅಣ್ಣತಮ್ಮಂದಿರು ಪಾಲಾದರೆಂಬುದನ್ನು ನಮ್ಮ ಹಳ್ಳಿಗಳಲ್ಲಿ 'ಒಲೆ ಬೇರೆಯಾಯಿತು' ಎಂದು ಹೇಳುವ ವಾಡಿಕೆಯುಂಟು. ಮನೆಯೆಂಬುದರ ಗುರುತನ್ನು ನಮ್ಮ ಹಿರಿಯರು ಗೋಡೆಯಲ್ಲಾಗಲಿ ಬಾಗಿಲಿನಲ್ಲಾಗಲಿ ಕಾಣದೆ ಒಲೆಯಲ್ಲಿಯೇ ಕಂಡಿದ್ದರೆಂಬುದು ಇದರಿಂದ ತಿಳಿಯುತ್ತದೆ. ಆ ಒಲೆಯು ಈಗ ತನ್ನ ರೂಪವನ್ನು ಬದಲಾಯಿಸಿಕೊಂಡಿದೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಈ ತಾಲ್ಲೂಕುಗಳ ತಾಯಂದಿರು ತಲೆತಲಾಂತರದಿಂದ ಮಣ್ಣಿನ ಒಲೆಯ ಮುಂದೆ ಕುಳಿತು, ಬೆರಣಿ, ತೊಗರಿಕಡ್ಡಿ, ಹಿಪ್ಪುನೇರಳೆಯ ಕಡ್ಡಿ, ನೀಲಗಿರಿಯ ಒಣಸೊಪ್ಪು ಮುಂತಾದುವನ್ನು ಒಟ್ಟಿ, ಊದುಗೊಳವೆಯಿಂದ ಊದಿ ಊದಿ ಕಣ್ಣು ಕೆಂಪಾಗಿಸಿಕೊಂಡು ಹಿಟ್ಟನ್ನು ಬೇಯಿಸುತ್ತಿದ್ದರು. ಈಗಲಾದರೋ ಗುಂಡಿಯೊಂದನ್ನು ತಿರುಗಿಸಿದ ಮಾತ್ರಕ್ಕೆ ನೀಲಿಯ ಉರಿ ಎದ್ದು ನಿಲ್ಲುತ್ತದೆ. ಹೊಗೆಯಿಲ್ಲ, ಮಸಿಯಿಲ್ಲ, ಸೌದೆ ತರುವ ಶ್ರಮವಿಲ್ಲ.

ನಮ್ಮ ದೇಶದಲ್ಲಿ ಅಡಿಗೆಯ ಅನಿಲವನ್ನು ಉಕ್ಕಿನ ಸಿಲಿಂಡರುಗಳಲ್ಲಿ ತುಂಬಿ ಮನೆಗಳಿಗೆ ಕೊಡುವ ಪದ್ಧತಿಯು 1950ರ ದಶಕದಲ್ಲಿ ಮುಂಬಯಿಯಲ್ಲಿ ಮೊದಲಾಯಿತು. ಬಹುಕಾಲದವರೆಗೆ ಅದು ಪಟ್ಟಣವಾಸಿಗಳ ಸೌಕರ್ಯವಾಗಿಯೇ ಉಳಿದಿತ್ತು. 2016ನೆಯ ಇಸವಿ ಮೇ 1ರಂದು ಆರಂಭವಾದ ಪ್ರಧಾನಮಂತ್ರಿ ಉಜ್ವಲಾ ಯೋಜನೆಯಿಂದಲೂ, ಅನಂತರ ನಮ್ಮ ರಾಜ್ಯ ಸರ್ಕಾರವು ಜಾರಿಗೆ ತಂದ ಅನಿಲಭಾಗ್ಯ ಯೋಜನೆಯಿಂದಲೂ ಅದು ಬಡವರ ಗುಡಿಸಲನ್ನೂ ಹೊಕ್ಕಿತು. ಇದು ಸಂತೋಷಪಡತಕ್ಕ ವಿಷಯವೇ ಸರಿ. ಸೌದೆಯ ಹೊಗೆಯು ಹೆಂಗಸರ ಮತ್ತು ಎಳೆಯ ಮಕ್ಕಳ ಶ್ವಾಸಕೋಶಗಳಿಗೆ ಎಷ್ಟು ಕೇಡನ್ನುಂಟುಮಾಡುತ್ತದೆಂಬುದನ್ನು ವೈದ್ಯರು ಬಲ್ಲರು. ಆದರೆ ಒಲೆಯು ಬಂದಷ್ಟು ಬೇಗನೆ ಅದರ ತಿಳಿವಳಿಕೆಯು ಬರಲಿಲ್ಲ. ಸೌದೆಯ ಒಲೆಯ ಮುಂದೆ ಕಲಿತ ಅಭ್ಯಾಸಗಳೆಲ್ಲವೂ ಹಾಗೆಯೇ ಹೊಸ ಒಲೆಯ ಮುಂದಕ್ಕೂ ಬಂದುವು. ಆ ಅಭ್ಯಾಸಗಳು ಅಲ್ಲಿ ಜಾಣತನವಾಗಿದ್ದುವು; ಇಲ್ಲಿ ಅವುಗಳಲ್ಲಿ ಕೆಲವು ಪ್ರಾಣಕ್ಕೆ ಸಂಚಕಾರವಾಗಬಲ್ಲವು. ಈ ಲೇಖನದಲ್ಲಿ ಹೇಳತಕ್ಕ ಮುಖ್ಯ ಮಾತು ಇದೇ.

ಎರಡು ಒಲೆಗಳಿಗೂ ಇರುವ ಭೇದವನ್ನು ಮೊದಲು ಗ್ರಹಿಸೋಣ. ಸೌದೆಯು ಉರಿದರೆ ಮಾತ್ರ ಅಪಾಯ; ಉರಿಯದ ಸೌದೆಯು ಮೂಲೆಯಲ್ಲಿ ಎಷ್ಟು ದಿನ ಬಿದ್ದಿದ್ದರೂ ಯಾರಿಗೂ ಬಾಧಕವಿಲ್ಲ. ಅನಿಲವಾದರೋ ಉರಿಯುತ್ತಿರುವಾಗ ನಮ್ಮ ಅಧೀನದಲ್ಲಿರುತ್ತದೆ; ಉರಿಯದೆ ಹೊರಬಂದಾಗಲೇ ಅದರ ಭಯವು ಹೆಚ್ಚು. ಸೌದೆಯ ಬೆಂಕಿಯು ಹೊಗೆಯನ್ನು ಮುಂದಾಗಿ ಕಳುಹಿಸಿ ತನ್ನ ಇರವನ್ನು ಸಾರುತ್ತದೆ. ಅನಿಲಕ್ಕೆ ಬಣ್ಣವಿಲ್ಲ, ಶಬ್ದವೂ ಬಲು ಕಡಿಮೆ. ಹುಟ್ಟಿನಿಂದ ಅದಕ್ಕೆ ವಾಸನೆಯೂ ಇಲ್ಲ. ಕೊಳೆತ ಎಲೆಕೋಸಿನಂತಹ ಆ ದುರ್ಗಂಧವು ನಮ್ಮನ್ನು ಎಚ್ಚರಿಸುವುದಕ್ಕಾಗಿಯೇ ಎಥಿಲ್ ಮರ್ಕ್ಯಾಪ್ಟನ್ ಎಂಬ ದ್ರವ್ಯವನ್ನು ಅತ್ಯಲ್ಪವಾಗಿ ಬೆರಸಿರುವುದರಿಂದ ಬಂದುದು. ಆದುದರಿಂದ ಆ ವಾಸನೆಯನ್ನು ಊದುಬತ್ತಿಯಿಂದ ಮುಚ್ಚಲು ಯತ್ನಿಸುವುದು, ಕಳ್ಳನನ್ನು ಕಂಡು ಬೊಗಳಿದ ನಾಯಿಯ ಬಾಯನ್ನು ಕಟ್ಟಿದಂತೆಯೇ ಸರಿ.

ನಮ್ಮ ಸಿಲಿಂಡರಿನಲ್ಲಿರುವುದು ಪ್ರೊಪೇನ್ ಮತ್ತು ಬ್ಯುಟೇನ್ ಎಂಬ ಅನಿಲಗಳ ಮಿಶ್ರಣ. ಒತ್ತಡಕ್ಕೆ ಸಿಕ್ಕಿ ಅದು ದ್ರವವಾಗಿ ಒಳಗಿರುತ್ತದೆ. ಮನೆಬಳಕೆಯ ದೊಡ್ಡ ಸಿಲಿಂಡರಿನಲ್ಲಿ ಈ ದ್ರವದ ತೂಕವು 14.2 ಕಿಲೋಗ್ರಾಂ. ಹೊರಕ್ಕೆ ಬಂದೊಡನೆ ಅದು ಹಿಗ್ಗಿ, ಒಂದು ಲೋಟ ದ್ರವವು ಸುಮಾರು 250 ಲೋಟಗಳಷ್ಟು ಅನಿಲವಾಗುತ್ತದೆ. ಗಾಳಿಯಲ್ಲಿ ನೂರಕ್ಕೆ ಸುಮಾರು ಎರಡು ಪಾಲಿನಿಂದ ಒಂಬತ್ತು ಪಾಲಿನವರೆಗೆ ಇದು ಬೆರೆತಿದ್ದರೆ, ಒಂದು ಕಿಡಿಯು ಸಾಕು, ಎಲ್ಲವೂ ಒಮ್ಮೆಲೇ ಹೊತ್ತಿಕೊಳ್ಳುತ್ತದೆ.

ಇವೆಲ್ಲಕ್ಕಿಂತಲೂ ಮುಖ್ಯವಾಗಿ ಮನಸ್ಸಿನಲ್ಲಿಡತಕ್ಕ ಗುಣವೊಂದುಂಟು. ಈ ಅನಿಲವು ಗಾಳಿಗಿಂತ ಒಂದೂವರೆಯಿಂದ ಎರಡರಷ್ಟು ಭಾರವಾದುದು. ಹೊಗೆಯು ಮೇಲಕ್ಕೇರಿ ಗವಾಕ್ಷಿಯಿಂದ ಹೊರಟುಹೋಗುತ್ತದೆ. ಅನಿಲವು ಕೆಳಕ್ಕಿಳಿದು ನೆಲದ ಮೇಲೆ ಹರಡಿಕೊಳ್ಳುತ್ತದೆ. ನಿಮ್ಮ ಅಡಿಗೆಮನೆಯಲ್ಲಿ ಒಂದು ಕೊಡ ನೀರನ್ನು ಚೆಲ್ಲಿದರೆ ಅದು ಯಾವ ಮೂಲೆಗೆ ಹರಿಯುವುದು, ಎಲ್ಲಿ ಮಡುವಾಗಿ ನಿಲ್ಲುವುದು ಎಂದು ಯೋಚಿಸಿ ನೋಡಿರಿ. ಸೋರಿದ ಅನಿಲವೂ ಹೆಚ್ಚು ಕಡಿಮೆ ಅದೇ ದಾರಿಯನ್ನು ಹಿಡಿಯುತ್ತದೆ. ನಮ್ಮ ಹಳೆಯ ಮನೆಗಳ ಎತ್ತರವಾದ ಹೊಸ್ತಿಲು ಅದಕ್ಕೆ ಕಟ್ಟೆಯಾಗುತ್ತದೆ. ಬಚ್ಚಲಿನ ತೂಬು, ಮೋರಿ, ನೀರಿನ ತೊಟ್ಟಿ, ಬೀದಿಯ ಮಟ್ಟಕ್ಕಿಂತ ತಗ್ಗಾದ ಕೋಣೆ ಇವುಗಳಲ್ಲಿ ಅದು ಹೋಗಿ ಸೇರಿಕೊಳ್ಳುತ್ತದೆ. ಗವಾಕ್ಷಿಯು ಎಷ್ಟೇ ವಿಶಾಲವಾಗಿದ್ದರೂ ಅದು ಹೊಗೆಗೆ ದಾರಿ. ಅನಿಲಕ್ಕೆ ದಾರಿ ಬಾಗಿಲಿನ ಬುಡದಲ್ಲಿಯೇ.

ಒಂದು ಚಿಕ್ಕ ಲೆಕ್ಕವನ್ನು ಮಾಡೋಣ. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರವುಳ್ಳ ಕೋಣೆಯಲ್ಲಿ ಸುಮಾರು 28 ಘನಮೀಟರ್ ಗಾಳಿಯಿರುತ್ತದೆ. ಇದರಲ್ಲಿ ನೂರಕ್ಕೆ ಎರಡು ಪಾಲು ಅನಿಲವು ಸೇರಬೇಕಾದರೆ ಸುಮಾರು ಒಂದೂಕಾಲು ಕಿಲೋಗ್ರಾಂ ಸೋರಬೇಕು. ಅಷ್ಟು ಸೋರುವವರೆಗೆ ಯಾರು ಸುಮ್ಮನಿರುತ್ತಾರೆ ಎಂದು ನೀವು ಕೇಳಬಹುದು. ಆದರೆ ಅನಿಲವು ಕೋಣೆಯನ್ನೆಲ್ಲ ಸಮನಾಗಿ ತುಂಬುವುದಿಲ್ಲ. ಅದು ನೆಲದಿಂದ ಒಂದಡಿಯಷ್ಟು ಎತ್ತರದಲ್ಲಿಯೇ ನಿಂತರೆ, ಆ ಲೆಕ್ಕದ ಹತ್ತರಲ್ಲೊಂದು ಪಾಲು, ಎಂದರೆ ಅರ್ಧಪಾವು ಅಕ್ಕಿಗಿಂತಲೂ ಹೆಚ್ಚು ತೂಗದ ಅನಿಲವು ಸಾಕಾಗುತ್ತದೆ. ನಿಂತವಳ ಮೂಗಿಗೆ ವಾಸನೆಯು ತಟ್ಟುವ ಮೊದಲೇ ಕಾಲಿನ ಬಳಿ ಅಪಾಯವು ಸಿದ್ಧವಾಗಿರಬಹುದು.

ಈ ಒಂದು ಗುಣವನ್ನು ಅರಿತವಳಿಗೆ ಉಳಿದ ನಿಯಮಗಳನ್ನು ಬಾಯಿಪಾಠ ಮಾಡುವ ಕಷ್ಟವಿಲ್ಲ. ಅವು ತಾವಾಗಿಯೇ ಹೊಳೆಯುತ್ತವೆ.

ಮೊದಲನೆಯದಾಗಿ, ಒಲೆಯನ್ನಿಡುವ ಸ್ಥಳ. ನೆಲದ ಮೇಲೆ ಕುಳಿತು ಅಡಿಗೆ ಮಾಡಿ ಅಭ್ಯಾಸವಿರುವ ಮನೆಗಳಲ್ಲಿ ಅನಿಲದ ಒಲೆಯನ್ನೂ ನೆಲದ ಮೇಲೆಯೇ ಇಟ್ಟು, ಪಕ್ಕದಲ್ಲಿ ಸಿಲಿಂಡರನ್ನು ನಿಲ್ಲಿಸುವುದುಂಟು. ಇದು ಸಲ್ಲದು. ಅನಿಲವು ಸೋರಿ ನಿಲ್ಲುವ ಎಡೆಯಲ್ಲಿಯೇ ಬೆಂಕಿಯನ್ನು ಇಟ್ಟಂತಾಗುತ್ತದೆ. ಸೀರೆಯ ನೆರಿಗೆಯೂ ಸೆರಗೂ ಉರಿಯ ಮಟ್ಟದಲ್ಲಿಯೇ ಇರುತ್ತವೆ. ಅಂಬೆಗಾಲಿಡುವ ಮಗುವಿನ ಕೈಗೂ ಅದು ಎಟುಕುತ್ತದೆ. ಒಲೆಯು ಯಾವಾಗಲೂ ಸಿಲಿಂಡರಿಗಿಂತ ಎತ್ತರದಲ್ಲಿರಬೇಕು. ಇದಕ್ಕೆ ಹೆಚ್ಚಿನ ವೆಚ್ಚವೇನೂ ಬೇಕಾಗಿಲ್ಲ. ಮಾಲೂರಿನ ಇಟ್ಟಿಗೆಗೂ ಕೋಲಾರದ ಸೀಮೆಯ ಕಲ್ಲುಚಪ್ಪಡಿಗೂ ನಮ್ಮಲ್ಲಿ ಬರವಿಲ್ಲ. ಎರಡು ಇಟ್ಟಿಗೆಯ ಕಾಲುಗಳನ್ನು ಕಟ್ಟಿ ಮೇಲೆ ಒಂದು ಚಪ್ಪಡಿಯನ್ನು ಹಾಸಿದರೆ ಜೀವಮಾನಕ್ಕೆ ಸಾಕಾದ ಜಗಲಿಯಾಗುತ್ತದೆ. ಒಲೆಯ ಹಿಂದೆ ಕಿಟಕಿಯ ಪರದೆಯಾಗಲಿ, ಮೇಲೆ ಎಣ್ಣೆಯ ಡಬ್ಬಗಳನ್ನಿಡುವ ಹಲಗೆಯಾಗಲಿ ಇರಬಾರದು. ಉರಿಯ ಮೇಲಿನಿಂದ ಕೈಚಾಚುವ ಸಂದರ್ಭವೇ ಬರದಂತೆ ನೋಡಿಕೊಳ್ಳಬೇಕು.

ಸಿಲಿಂಡರನ್ನು ಯಾವಾಗಲೂ ನೆಟ್ಟಗೆ, ಸಮನಾದ ನೆಲದ ಮೇಲೆ ನಿಲ್ಲಿಸತಕ್ಕದ್ದು. ಅದರೊಳಗೆ ಕೆಳಗೆ ದ್ರವವೂ ಮೇಲೆ ಅನಿಲವೂ ಇರುವುದರಿಂದ, ಮಲಗಿಸಿದರೆ ದ್ರವವೇ ಕೊಳವೆಗೆ ನುಗ್ಗಿ ಉರಿಯು ಆಳೆತ್ತರಕ್ಕೆ ಏಳಬಹುದು. ಕಡೆಗಾಲದಲ್ಲಿ ಉಳಿದ ಸ್ವಲ್ಪ ಅನಿಲದ ಆಸೆಗೆ ಸಿಲಿಂಡರನ್ನು ಉರುಳಿಸುವುದು, ಅಲುಗಾಡಿಸುವುದು, ಬಿಸಿನೀರಿನಲ್ಲಿ ನಿಲ್ಲಿಸುವುದು ಇವು ಕೆಲವು ಮನೆಗಳಲ್ಲಿ ಕಂಡುಬರುವ ಕೆಟ್ಟ ಅಭ್ಯಾಸಗಳು. ನಾಲ್ಕು ಲೋಟ ಕಾಫಿಯ ಉಳಿತಾಯಕ್ಕಾಗಿ ಮನೆಯನ್ನೇ ಪಣವಾಗಿಡುವುದು ವಿವೇಕವಲ್ಲ. ಅದನ್ನು ಗುಳಿಯಲ್ಲಿಯೂ, ಬಾಗಿಲು ಮುಚ್ಚಿದ ಬೀರುವಿನಲ್ಲಿಯೂ, ಮೋರಿಯ ಬಾಯಲ್ಲಿಯೂ ಇಡಬಾರದು. ಕಟ್ಟೆಯ ಕೆಳಗೆ ಬಾಗಿಲಿಟ್ಟು ಮುಚ್ಚಿದ್ದರೆ, ಆ ಬಾಗಿಲಿನ ತಳಭಾಗದಲ್ಲಿ ಗಾಳಿಯಾಡುವ ಕಿಂಡಿಗಳಿರಬೇಕು. ತಳದಲ್ಲಿಯೇ ಏಕೆಂಬುದನ್ನು ಈಗ ಹೇಳಬೇಕಾಗಿಲ್ಲ.

ಎರಡನೆಯದಾಗಿ, ಒಂದೇ ಮನೆಯಲ್ಲಿ ಎರಡು ಒಲೆಗಳು. ನಮ್ಮ ಸೀಮೆಯಲ್ಲಿ ಕಾಫಿಗೂ ಸಾರಿಗೂ ಅನಿಲದ ಒಲೆ, ಹಿಟ್ಟಿಗೂ ಸ್ನಾನದ ನೀರಿಗೂ ಸೌದೆಯ ಒಲೆ ಎಂಬ ಏರ್ಪಾಡು ಬಹಳ ಮನೆಗಳಲ್ಲಿ ಉಂಟು. ಅನಿಲದ ಬೆಲೆಯನ್ನು ನೋಡಿದರೆ ಇದು ಸಹಜವೇ. ಆದರೆ ಬಚ್ಚಲುಮನೆಯು ಅಡಿಗೆಮನೆಗೆ ತಾಗಿಕೊಂಡು, ಅದಕ್ಕಿಂತ ತುಸು ತಗ್ಗಿನಲ್ಲಿರುವುದು ನಮ್ಮ ಹಳೆಯ ಮನೆಗಳ ಕಟ್ಟಡದ ಕ್ರಮ. ಹಂಡೆಯ ಒಲೆಯಲ್ಲಿ ಬೂದಿ ಮುಚ್ಚಿದ ಕೆಂಡವು ಮಧ್ಯಾಹ್ನದವರೆಗೂ ಇರುತ್ತದೆ. ಅಡಿಗೆಮನೆಯಲ್ಲಿ ಸೋರಿದ ಅನಿಲವು ನೆಲವನ್ನು ಹಿಡಿದು ಹರಿದು ಆ ಕೆಂಡವನ್ನು ಮುಟ್ಟಿದರೆ, ಬೆಂಕಿಯು ಅದೇ ದಾರಿಯಲ್ಲಿ ಹಿಂದಿರುಗಿ ಬರುತ್ತದೆ. ಅಡಿಗೆಮನೆಯಲ್ಲಿ ಯಾರೂ ಕಡ್ಡಿ ಗೀರದಿದ್ದರೂ ಅಲ್ಲಿ ಬೆಂಕಿ ಹುಟ್ಟಬಹುದಾದುದು ಹೀಗೆಯೇ. ಆದಕಾರಣ ಸೌದೆಯ ಒಲೆಯೂ ಅನಿಲದ ಸಿಲಿಂಡರೂ ಒಂದೇ ಕೋಣೆಯಲ್ಲಿ ಇರಕೂಡದು. ನಡುವೆ ಬಾಗಿಲಿದ್ದರೆ ಸಿಲಿಂಡರನ್ನು ಬದಲಾಯಿಸುವಾಗ ಅದನ್ನು ಮುಚ್ಚಿ, ಆ ಕಡೆಯ ಕೆಂಡವನ್ನು ನೀರು ಹಾಕಿ ಆರಿಸಿರಬೇಕು. ಅಡಿಗೆಮನೆಯಲ್ಲಿಯೇ ದೇವರ ಗೂಡು ಇರುವ ಮನೆಗಳಲ್ಲಿ ನಂದಾದೀಪವನ್ನೂ, ಇತರ ಮನೆಗಳಲ್ಲಿ ಮೇಣದಬತ್ತಿಯನ್ನೂ ಆ ಹೊತ್ತಿಗೆ ಶಾಂತಗೊಳಿಸತಕ್ಕದ್ದು.

ಮೂರನೆಯದಾಗಿ, ಸಿಲಿಂಡರನ್ನು ಬರಮಾಡಿಕೊಳ್ಳುವ ಕ್ರಮ. ಮನೆಗೆ ಬಂದ ಸಿಲಿಂಡರನ್ನು ತೂಕಮಾಡಿ ತೋರಿಸಬೇಕೆಂದೂ, ಸೋರುವುದಿಲ್ಲವೆಂದು ಪರೀಕ್ಷಿಸಿ ಕೊಡಬೇಕೆಂದೂ ಕೇಳುವ ಹಕ್ಕು ಬಳಕೆದಾರರಿಗೆ ಉಂಟು. ಬರಿಯ ಪಾತ್ರೆಯ ತೂಕವನ್ನು ಅದರ ಮೇಲೆಯೇ ಬರೆದಿರುತ್ತಾರೆ; ಅದಕ್ಕೆ 14.2ನ್ನು ಕೂಡಿಸಿದರೆ ತುಂಬಿದ ಸಿಲಿಂಡರಿನ ತೂಕ ಬರಬೇಕು. ಹಿಡಿಯನ್ನು ಹೊತ್ತಿರುವ ಮೂರು ಪಟ್ಟಿಗಳಲ್ಲಿ ಒಂದರ ಒಳಮೈಯಲ್ಲಿ ಒಂದು ಅಕ್ಷರವೂ ಎರಡು ಅಂಕಿಗಳೂ ಇರುತ್ತವೆ. ಇಂಗ್ಲಿಷಿನ ಎ, ಬಿ, ಸಿ, ಡಿ ಎಂಬ ಅಕ್ಷರಗಳು ವರ್ಷದ ನಾಲ್ಕು ಪಾದಗಳನ್ನು ಸೂಚಿಸುತ್ತವೆ: ಎ ಎಂದರೆ ಮಾರ್ಚಿಯವರೆಗೆ, ಬಿ ಎಂದರೆ ಜೂನಿನವರೆಗೆ, ಸಿ ಎಂದರೆ ಸೆಪ್ಟೆಂಬರಿನವರೆಗೆ, ಡಿ ಎಂದರೆ ಡಿಸೆಂಬರಿನವರೆಗೆ. 'ಸಿ 29' ಎಂದಿದ್ದರೆ 2029ನೆಯ ಸೆಪ್ಟೆಂಬರಿನೊಳಗೆ ಆ ಪಾತ್ರೆಯನ್ನು ಮರುಪರೀಕ್ಷೆಗೆ ಒಳಪಡಿಸಬೇಕೆಂದು ಅರ್ಥ. ಅವಧಿ ಮೀರಿದುದನ್ನು ಸ್ವೀಕರಿಸದೆ ಹಿಂದಕ್ಕೆ ಕಳುಹಿಸಬೇಕು. ಈ ಗುರುತನ್ನು ಓದಲು ಬಲ್ಲವರು ಮನೆಯಲ್ಲಿ ಒಬ್ಬರಾದರೂ ಇರಬೇಕು. ಹೈಸ್ಕೂಲಿನ ಬಾಲಿಕೆಗೆ ಇದು ಅರ್ಧ ನಿಮಿಷದ ಕೆಲಸ.

ಸಿಲಿಂಡರಿನಿಂದ ಒಲೆಗೆ ಹೋಗುವ ಕೊಳವೆಯು ಚಿಕ್ಕ ವಸ್ತುವಾದರೂ ಅದರ ಅಲಕ್ಷ್ಯವು ದೊಡ್ಡ ಅನರ್ಥಕ್ಕೆ ಕಾರಣವಾಗುತ್ತದೆ. ಒಳಗೆ ಉಕ್ಕಿನ ತಂತಿಯ ಹೆಣಿಗೆಯುಳ್ಳ ಕಿತ್ತಲೆ ಬಣ್ಣದ 'ಸುರಕ್ಷಾ' ಕೊಳವೆಯನ್ನೇ, ಐ.ಎಸ್.ಐ. ಮುದ್ರೆಯಿರುವುದನ್ನು ನೋಡಿ ಕೊಳ್ಳಬೇಕು. ಐದು ವರ್ಷಕ್ಕೊಮ್ಮೆ ತಪ್ಪದೆ ಬದಲಾಯಿಸಬೇಕು. ಅದು ಒಂದೂವರೆ ಮೀಟರಿಗಿಂತ ಉದ್ದವಾಗಿರಬಾರದು. ಗೋಡೆಯೊಳಗಿಂದಾಗಲಿ ಒಲೆಯ ಕೆಳಗಿಂದಾಗಲಿ ಹಾಯಬಾರದು. ರಾಗಿಯ ಮೂಟೆಗಳನ್ನು ಅಡಿಗೆಮನೆಯಲ್ಲಿಯೇ ಇಡುವ ರೈತರ ಮನೆಗಳಲ್ಲಿ ಇಲಿಗಳ ಕಾಟ ಹೆಚ್ಚು; ಅವು ರಬ್ಬರನ್ನು ಕಡಿಯದೆ ಬಿಡುವುದಿಲ್ಲ. ಕೊಳವೆಯು ಅಂದವಾಗಿ ಕಾಣಲೆಂದು ಬಟ್ಟೆಯನ್ನು ಸುತ್ತಿದರೆ ಇಲಿಯ ಹಲ್ಲಿನ ಗುರುತೂ ಬಿರುಕೂ ಕಣ್ಣಿಗೆ ಬೀಳದೆ ಹೋಗುತ್ತವೆ. ವಾರಕ್ಕೊಮ್ಮೆ ಕೊಳವೆಗೂ ಕೂಡುಗಳಿಗೂ ಸಾಬೂನಿನ ನೊರೆಯನ್ನು ಹಚ್ಚಿ ನೋಡಿರಿ. ಗುಳ್ಳೆಯೆದ್ದ ಕಡೆ ಸೋರುತ್ತಿದೆಯೆಂದು ತಿಳಿಯಬೇಕು. ಕಡ್ಡಿ ಗೀರಿ ಸೋರುವಿಕೆಯನ್ನು ಪರೀಕ್ಷಿಸುವ ಸಾಹಸವನ್ನು ಎಂದಿಗೂ ಮಾಡಬಾರದು.

ಇನ್ನು ಒಲೆಯನ್ನು ಹೊತ್ತಿಸುವ ಬಗೆ. ಬೆಳಗ್ಗೆ ಅಡಿಗೆಮನೆಯ ಬಾಗಿಲನ್ನು ತೆರೆದೊಡನೆ ದೀಪದ ಗುಂಡಿಗೆ ಕೈಹಾಕದೆ, ಒಂದು ಕ್ಷಣ ನಿಂತು ವಾಸನೆಯನ್ನು ನೋಡಬೇಕು. ಆ ಬಳಿಕ ಕಿಟಕಿಯನ್ನು ತೆರೆಯಬೇಕು. ಸೌದೆಯ ಒಲೆಯ ಕಾಲದಲ್ಲಿ ಗಾಳಿಗೆ ಉರಿ ಚೆದರದಿರಲೆಂದು ಬಾಗಿಲನ್ನು ಓರೆಮಾಡುತ್ತಿದ್ದೆವು. ಅನಿಲದ ಒಲೆಯ ಮುಂದೆ ಈ ಅಭ್ಯಾಸವು ತದ್ವಿರುದ್ಧವಾಗಬೇಕು. ರೆಗ್ಯುಲೇಟರನ್ನು ತಿರುಗಿಸಿ, ಲೈಟರನ್ನಾಗಲಿ ಗೀರಿದ ಕಡ್ಡಿಯನ್ನಾಗಲಿ ಬರ್ನರಿನ ಬಳಿ ಮೊದಲು ಹಿಡಿದು, ಆಮೇಲೆ ಒಲೆಯ ಗುಂಡಿಯನ್ನು ತಿರುಗಿಸಬೇಕು. ಗುಂಡಿಯನ್ನು ತಿರುಗಿಸಿಟ್ಟು ಬೆಂಕಿಪೊಟ್ಟಣವನ್ನು ಹುಡುಕುವುದು ಕ್ರಮವಲ್ಲ. ಒಂದೆರಡು ಸಲಕ್ಕೆ ಹೊತ್ತದಿದ್ದರೆ ಗುಂಡಿಯನ್ನು ಮುಚ್ಚಿ, ಸ್ವಲ್ಪ ಹೊತ್ತು ಗಾಳಿಯಾಡಗೊಟ್ಟು ಮತ್ತೆ ಪ್ರಯತ್ನಿಸಬೇಕು. ಕೆಲಸ ಮುಗಿದ ಮೇಲೆ ಒಲೆಯ ಗುಂಡಿಯೊಂದನ್ನೇ ಅಲ್ಲ, ರೆಗ್ಯುಲೇಟರನ್ನೂ ಮುಚ್ಚತಕ್ಕದ್ದು. ರಾತ್ರಿ ಮಲಗುವಾಗಲೂ ಮನೆಗೆ ಬೀಗ ಹಾಕುವಾಗಲೂ ಇದನ್ನು ಮರೆಯಲಾಗದು. ಶ್ರೀನಿವಾಸಪುರದ ಕಡೆ ಮಾವಿನ ಕಾಲದಲ್ಲಿ ಮನೆಮಂದಿಯೆಲ್ಲ ನಸುಕಿನಲ್ಲಿಯೇ ತೋಟಕ್ಕೂ ಮಂಡಿಗೂ ಹೊರಟುಬಿಡುತ್ತಾರೆ. ಆ ಅವಸರದಲ್ಲಿ ಬೀಗದ ಕೈಯನ್ನು ಹುಡುಕುವ ಮುಂಚೆ ಒಬ್ಬರು ರೆಗ್ಯುಲೇಟರನ್ನು ಮುಟ್ಟಿ ನೋಡುವ ಪದ್ಧತಿಯನ್ನಿಟ್ಟುಕೊಂಡರೆ ಸಾಕು.

ಉರಿಯು ನೀಲಿಯಾಗಿ ನಿಶ್ಚಲವಾಗಿ ನಿಂತಿದ್ದರೆ ಒಲೆಯು ಆರೋಗ್ಯವಾಗಿದೆಯೆಂದು ತಿಳಿಯಬೇಕು. ಹಳದಿಯಾಗಿ ನಾಲಗೆ ಚಾಚಿ, ಪಾತ್ರೆಯ ತಳಕ್ಕೆ ಮಸಿ ಹಿಡಿಸಿದರೆ, ಗಾಳಿಯು ಸಾಲದೆಂದೂ ಬರ್ನರಿನ ರಂಧ್ರಗಳು ಕಟ್ಟಿಕೊಂಡಿವೆಯೆಂದೂ ಅರ್ಥ. ಉಕ್ಕಿದ ಗಂಜಿ, ರಾಗಿಹಿಟ್ಟು, ಬೇಳೆಕಟ್ಟು ಇವು ಒಣಗಿ ರಂಧ್ರಗಳನ್ನು ಮುಚ್ಚುತ್ತವೆ. ಒಲೆಯು ತಣ್ಣಗಾದ ಮೇಲೆ ಬರ್ನರನ್ನು ತೆಗೆದು ತೊಳೆದು, ಪೂರಾ ಒಣಗಿಸಿ ಇಡಬೇಕು. ಉರಿಯು ಪಾತ್ರೆಯ ಅಂಚನ್ನು ಮೀರಿ ಮೇಲೇಳಬಾರದು. ಮೀರಿದ ಉರಿಯು ಅನ್ನವನ್ನು ಬೇಯಿಸದೆ ಗಾಳಿಯನ್ನು ಬಿಸಿಮಾಡುತ್ತದೆ, ಸೆರಗನ್ನೂ ಹುಡುಕುತ್ತದೆ. ಅವರೆಕಾಳು, ಹುರುಳಿ, ತೊಗರಿಬೇಳೆ ಇವನ್ನು ಮೊದಲೇ ನೆನೆಹಾಕಿ, ಪಾತ್ರೆಗೆ ಮುಚ್ಚಳವಿಟ್ಟು, ಕುದಿ ಬಂದ ಬಳಿಕ ಉರಿಯನ್ನು ತಗ್ಗಿಸಿದರೆ ಅನಿಲವೂ ಉಳಿಯುತ್ತದೆ.

ನಮ್ಮ ಸೀಮೆಗೆ ವಿಶೇಷವಾದ ಎರಡು ಸಂಗತಿಗಳನ್ನು ಇಲ್ಲಿ ಹೇಳಬೇಕು. ಮೊದಲನೆಯದು ರಾಗಿಯ ಹಿಟ್ಟು. ಸೌದೆಯ ಒಲೆಯ ಮೇಲೆ ಪಾತ್ರೆಯು ಮಣ್ಣಿನ ಮೂರು ಗುಬ್ಬಗಳ ನಡುವೆ ಊರಿಕೊಂಡಿರುತ್ತಿತ್ತು. ಕವೆಗೋಲಿನಿಂದ ಅದನ್ನು ಅದುಮಿ ಹಿಡಿದು, ಹಿಟ್ಟಿನ ಕೋಲಿನಿಂದ ಬಲವಾಗಿ ತೊಳಸಬಹುದಾಗಿತ್ತು. ಅನಿಲದ ಒಲೆಯ ತೆಳುವಾದ ಕಂಬಿಗಳು ಆ ಬಲವನ್ನು ತಡೆಯಲಾರವು. ಪಾತ್ರೆಯು ಜಾರಿದರೆ ಕುದಿಯುವ ಅಂಬಲಿಯು ಮೈಮೇಲೆ ಬೀಳುತ್ತದೆ, ಒಲೆಯೇ ಸರಿದು ಕೊಳವೆಯು ಕಳಚಲೂಬಹುದು. ಹಿಟ್ಟು ಬೆಂದೊಡನೆ ಗುಂಡಿಯನ್ನು ಮುಚ್ಚಿ, ಪಾತ್ರೆಯನ್ನು ನೆಲಕ್ಕಿಳಿಸಿ, ಗೋಣಿಯ ಸಿಂಬೆಯ ಮೇಲಿಟ್ಟುಕೊಂಡು ತೊಳಸುವುದೇ ಕ್ಷೇಮಕರ. ಎರಡನೆಯದು ಹಾಲು. ಹೈನಿನಿಂದ ಬದುಕುವ ಜಿಲ್ಲೆ ನಮ್ಮದು. ಮನೆಮನೆಯಲ್ಲಿಯೂ ಹಾಲನ್ನು ಕಾಯಿಸುತ್ತಾರೆ. ಗೃಹಪ್ರವೇಶದ ದಿನ ಹಾಲನ್ನು ಉಕ್ಕಿಸುವುದು ಶುಭವೆಂಬ ನಂಬಿಕೆಯೂ ಉಂಟು. ಸೌದೆಯ ಬೆಂಕಿಯ ಮೇಲೆ ಉಕ್ಕಿದ ಹಾಲು ಚುರ್ರೆಂದು ಸದ್ದುಮಾಡಿ ಇಂಗಿಹೋಗುತ್ತಿತ್ತು, ಬೆಂಕಿ ಉಳಿಯುತ್ತಿತ್ತು. ಅನಿಲದ ಒಲೆಯಲ್ಲಾದರೋ ಹಾಲು ಉರಿಯನ್ನು ಆರಿಸುತ್ತದೆ, ಅನಿಲ ಮಾತ್ರ ಬರುತ್ತಲೇ ಇರುತ್ತದೆ. ನೆಂಟರ ಗದ್ದಲದಲ್ಲಿ ಅದು ಯಾರ ಗಮನಕ್ಕೂ ಬಾರದು. ಶುಭಕ್ಕಾಗಿ ಉಕ್ಕಿಸಬೇಕಾಗಿದ್ದರೆ ಒಬ್ಬರು ಗುಂಡಿಯ ಮೇಲೆ ಕೈಯಿಟ್ಟು ನಿಂತಿರಲಿ; ಉಕ್ಕಿದ ಕ್ಷಣವೇ ಮುಚ್ಚಲಿ.

ಜಿಲ್ಲೆಯ ಬೇರೆ ಬೇರೆ ಕಸುಬುಗಳೂ ತಮ್ಮ ತಮ್ಮ ಎಚ್ಚರಿಕೆಯನ್ನು ಬೇಡುತ್ತವೆ. ರೇಷ್ಮೆಹುಳುವನ್ನು ಸಾಕುವವರು ಚಳಿಗಾಲದಲ್ಲಿ ಹುಳುಮನೆಯನ್ನು ಬೆಚ್ಚಗಿಡಲು ಮುಚ್ಚಿದ ಕೋಣೆಯೊಳಗೆ ಇದ್ದಿಲ ಒಲೆಯನ್ನಾಗಲಿ ಅನಿಲದ ಒಲೆಯನ್ನಾಗಲಿ ಉರಿಸಿ ಅಲ್ಲಿಯೇ ಮಲಗಕೂಡದು. ಗಾಳಿ ಸಾಲದೆ ಉರಿದ ಬೆಂಕಿಯಿಂದ ಕಾರ್ಬನ್ ಮಾನಾಕ್ಸೈಡ್ ಎಂಬ ವಾಸನೆಯಿಲ್ಲದ ವಿಷಾನಿಲವು ಹುಟ್ಟಿ, ಮಲಗಿದವರು ಏಳದಂತೆ ಮಾಡಬಲ್ಲದು. ಬಿದಿರಿನ ಚಂದ್ರಿಕೆಗಳಿಗೆ ಕಿಡಿ ತಗಲುವ ಭಯವೂ ಉಂಟು. ಮಾಲೂರಿನ ಕಾರ್ಖಾನೆಗಳ ಸುತ್ತ ಒಂದೇ ಕೋಣೆಯಲ್ಲಿ ಅಡಿಗೆಯೂ ನಿದ್ರೆಯೂ ಆಗಬೇಕಾದ ಕುಟುಂಬಗಳಿವೆ. ಅಂಗಡಿಗಳಲ್ಲಿ ಗುಟ್ಟಾಗಿ ದೊಡ್ಡ ಸಿಲಿಂಡರಿನಿಂದ ಚಿಕ್ಕದಕ್ಕೆ ತುಂಬಿಕೊಡುವ ಅನಿಲವನ್ನು ಅಂತಹವರು ಕೊಳ್ಳಬಾರದು. ಕಂಪನಿಗಳೇ ಮಾರುವ 5 ಕಿಲೋಗ್ರಾಮಿನ ಮುದ್ರೆಯುಳ್ಳ ಸಿಲಿಂಡರು ಅವರಿಗಾಗಿಯೇ ಇದೆ. ಮುಳಬಾಗಿಲಿನ ದೋಸೆಯ ಕೀರ್ತಿಯು ದೂರದವರೆಗೆ ಹಬ್ಬಿರುವುದರಿಂದ ಮನೆಯಲ್ಲಿಯೂ ದೊಡ್ಡ ಕಾವಲಿಯನ್ನಿಟ್ಟು ದೋಸೆ ಹುಯ್ಯುವ ಆಸೆ ಸಹಜ. ಎರಡು ಬರ್ನರುಗಳನ್ನೂ ಮುಚ್ಚುವಷ್ಟು ಅಗಲವಾದ ಕಾವಲಿಯು ಕಾವನ್ನು ಕೆಳಕ್ಕೆ ತಿರುಗಿಸಿ ಗುಂಡಿಗಳನ್ನೂ ಕೊಳವೆಯ ತುದಿಯನ್ನೂ ಕಾಯಿಸುತ್ತದೆಂಬುದನ್ನು ನೆನಪಿನಲ್ಲಿಡಬೇಕು.

ಅನಿಲದ ಒಲೆಯೆಂದರೆ ಸಿಲಿಂಡರಿನದು ಒಂದೇ ಅಲ್ಲ. ಸಗಣಿಯಿಂದ ಹುಟ್ಟುವ ಗೋಬರ್ ಅನಿಲವೂ ನಮ್ಮ ಜಿಲ್ಲೆಗೆ ಚಿರಪರಿಚಿತವಾದುದು. ಕೋಲಾರದ ಎಸ್.ಕೆ.ಜಿ. ಸಂಘವು ಹಳ್ಳಿಗಳಲ್ಲಿ ಇಂತಹ ಸ್ಥಾವರಗಳನ್ನು ಕಟ್ಟಿಸಿದ ಸೇವೆಗಾಗಿ 2007ರಲ್ಲಿ ಇಂಗ್ಲೆಂಡಿನ ಆಶ್ಡೆನ್ ಪ್ರಶಸ್ತಿಯನ್ನು ಪಡೆಯಿತು. ಇದರಲ್ಲಿ ಮುಖ್ಯವಾಗಿರುವುದು ಮೀಥೇನ್. ಇದು ಗಾಳಿಗಿಂತ ತುಸು ಹಗುರವಾದುದರಿಂದ ನೆಲದಲ್ಲಿ ಮಡುಗಟ್ಟುವುದಿಲ್ಲ; ಇದಕ್ಕೆ ಗವಾಕ್ಷಿಯೂ ಬೇಕು. ಇದರ ಒಲೆಯ ರಂಧ್ರವು ದೊಡ್ಡದು. ಆದುದರಿಂದ ಒಂದರ ಒಲೆಯನ್ನು ಇನ್ನೊಂದಕ್ಕೆ ಜೋಡಿಸಬಾರದು. ಜೋಡಿಸಿದರೆ ಸಿಲಿಂಡರಿನ ಅನಿಲವು ಮಿತಿಮೀರಿ ಉರಿಯುತ್ತದೆ.

ಇಷ್ಟೆಲ್ಲ ಎಚ್ಚರಿಕೆಯಿದ್ದರೂ ಒಂದು ದಿನ ವಾಸನೆ ಬಂದಿತೆನ್ನಿ. ಆಗ ಏನು ಮಾಡಬೇಕು? ಮೊದಲು ಉರಿಯುತ್ತಿರುವುದೆಲ್ಲವನ್ನೂ ಆರಿಸಿ, ರೆಗ್ಯುಲೇಟರನ್ನು ಮುಚ್ಚಬೇಕು. ವಿದ್ಯುತ್ತಿನ ಗುಂಡಿಯನ್ನು ಹಾಕಲೂ ಬಾರದು, ತೆಗೆಯಲೂ ಬಾರದು. ಎರಡರಲ್ಲಿಯೂ ಕಿಡಿ ಹಾರುತ್ತದೆ. ಪಂಖವನ್ನು ತಿರುಗಿಸಿ ವಾಸನೆಯನ್ನು ಓಡಿಸುವೆನೆಂಬ ಯೋಚನೆಯು ಬಲು ಅಪಾಯಕರ. ಬಾಗಿಲು ಕಿಟಕಿಗಳನ್ನು ತೆರೆದು, ಮಕ್ಕಳನ್ನೂ ಮುದುಕರನ್ನೂ ಹೊರಕ್ಕೆ ಕಳುಹಿಸಬೇಕು. ಮನೆಯ ಮುಖ್ಯ ವಿದ್ಯುತ್ ಗುಂಡಿಯು ಹೊರಗಡೆಯಿದ್ದರೆ ಅದನ್ನು ಹೊರಗಿನಿಂದಲೇ ತೆಗೆಯಬಹುದು. ಧೈರ್ಯವೂ ಅವಕಾಶವೂ ಇದ್ದರೆ ರೆಗ್ಯುಲೇಟರನ್ನು ಕಳಚಿ, ಸಿಲಿಂಡರಿನ ಬಾಯಿಗೆ ದಾರದಲ್ಲಿ ಕಟ್ಟಿರುವ ಬಿಳಿಯ ಮುಚ್ಚಳವನ್ನು ಅದುಮಿ ಹಾಕಬೇಕು. ಅದಕ್ಕಾಗಿಯೇ ಆ ಮುಚ್ಚಳವನ್ನು ಕತ್ತರಿಸಿ ಎಸೆಯಬಾರದು. ಬಳಿಕ ಹೊರಕ್ಕೆ ಬಂದು, ಮನೆಯಿಂದ ದೂರದಲ್ಲಿ ನಿಂತು, ದೂರವಾಣಿಯಲ್ಲಿ 1906 ಎಂಬ ಸಂಖ್ಯೆಯನ್ನು ಕರೆಯಬೇಕು. ಅನಿಲ ಸೋರಿಕೆಗೆಂದೇ 2016ರಿಂದ ನಡೆಯುತ್ತಿರುವ ಈ ಸೇವೆಯು ಹಗಲಿರುಳೂ ದೊರೆಯುತ್ತದೆ. ಬೆಂಕಿಯೇ ಹೊತ್ತಿದರೆ 101 ಅಥವಾ 112. ಕೊಳವೆಗೆ ಬೆಂಕಿ ಹಿಡಿದಾಗ ಒದ್ದೆಬಟ್ಟೆಯನ್ನು ಕೈಗೆ ಸುತ್ತಿಕೊಂಡು ರೆಗ್ಯುಲೇಟರನ್ನು ಮುಚ್ಚಲು ಸಾಧ್ಯವಾದರೆ ಮುಚ್ಚಬೇಕು. ಸಾಧ್ಯವಿಲ್ಲದಿದ್ದರೆ ಮನೆಯನ್ನು ಬಿಟ್ಟು ಹೊರಡುವುದೇ ಬುದ್ಧಿವಂತಿಕೆ. ಪಾತ್ರೆಪಡಗವನ್ನು ಮತ್ತೆ ಕೊಳ್ಳಬಹುದು. ಬಾಣಲೆಯ ಎಣ್ಣೆಗೆ ಉರಿ ಹತ್ತಿದರೆ ನೀರನ್ನು ಹುಯ್ಯದೆ, ಗುಂಡಿಯನ್ನು ಮುಚ್ಚಿ, ದೊಡ್ಡ ತಟ್ಟೆಯನ್ನು ಅದರ ಮೇಲೆ ಕವುಚಬೇಕು.

ಉಡುಪಿನ ವಿಷಯವನ್ನೂ ಮರೆಯಲಾಗದು. ನೈಲಾನ್, ಪಾಲಿಯೆಸ್ಟರ್ ಮುಂತಾದ ಬಟ್ಟೆಗಳು ಕಾವಿಗೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತವೆ. ಅಡಿಗೆಯ ವೇಳೆಗೆ ಹತ್ತಿಯ ಬಟ್ಟೆಯನ್ನುಟ್ಟು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಜಡೆಯನ್ನು ಹಿಂದಕ್ಕೆ ಕಟ್ಟಿರಬೇಕು. ಪಾತ್ರೆಯನ್ನು ಸೆರಗಿನಿಂದ ಹಿಡಿದು ಇಳಿಸುವ ಚಾಳಿಯು ಬಿಟ್ಟುಹೋಗಬೇಕು. ಇಕ್ಕಳವೋ ಮಸಿಬಟ್ಟೆಯೋ ಕೈಗೆಟುಕುವಲ್ಲಿರಲಿ. ಉಟ್ಟ ಬಟ್ಟೆಗೆ ಬೆಂಕಿ ಹತ್ತಿದರೆ ಓಡಬಾರದು. ಓಡಿದಷ್ಟೂ ಗಾಳಿಯು ಬೆಂಕಿಯನ್ನು ಬೆಳೆಸುತ್ತದೆ. ನೆಲದ ಮೇಲೆ ಬಿದ್ದು ಉರುಳಬೇಕು. ಹತ್ತಿರದವರು ದಪ್ಪ ಕಂಬಳಿಯನ್ನು ಹೊದಿಸಿ ಆರಿಸಬೇಕು. ಆದರೆ ನೆಲದಲ್ಲಿ ಅನಿಲವು ಸೋರಿ ನಿಂತಿರುವ ಕೋಣೆಯಾದರೆ ಮೊದಲು ಅಲ್ಲಿಂದ ಹೊರಬರಬೇಕು. ಸುಟ್ಟ ಜಾಗದ ಮೇಲೆ ಇಪ್ಪತ್ತು ನಿಮಿಷಗಳ ಕಾಲ ತಣ್ಣೀರನ್ನು ಸಣ್ಣಗೆ ಹರಿಯಬಿಡತಕ್ಕದ್ದು. ಊದಿಕೊಳ್ಳುವ ಮುಂಚೆ ಬಳೆ ಉಂಗುರಗಳನ್ನು ತೆಗೆಯಬೇಕು. ಶಾಯಿ, ದೋಸೆಯ ಹಿಟ್ಟು, ಹಲ್ಲುಜ್ಜುವ ಪೇಸ್ಟು, ಬೆಣ್ಣೆ ಇವುಗಳನ್ನು ಬಳಿಯುವ ಮನೆಮದ್ದು ಗಾಯವನ್ನು ಕೆಡಿಸುತ್ತದೆ. ಅಂಟಿದ ಬಟ್ಟೆಯನ್ನು ಕೀಳದೆ, ಬೊಬ್ಬೆಯನ್ನು ಒಡೆಯದೆ, ಶುಭ್ರವಾದ ಬಟ್ಟೆಯನ್ನು ಸಡಿಲವಾಗಿ ಹೊದಿಸಿ ಆಸ್ಪತ್ರೆಗೆ ಕರೆದೊಯ್ಯಬೇಕು. 108ಕ್ಕೆ ಕರೆದರೆ ಗಾಡಿಯು ಬರುತ್ತದೆ.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರೆಂಬ ಗಾದೆಯು ನಮ್ಮಲ್ಲಿ ಹಳೆಯದು. ಬೇಸಗೆಯಲ್ಲಿ ಬಾವಿಗಳು ಬತ್ತುವ ನಮ್ಮ ಕೋಲಾರದ ಸೀಮೆಯವರಿಗೆ ಅದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಈ ಒಲೆಯ ವಿಷಯದಲ್ಲಿ ತೋಡಬೇಕಾದ ಬಾವಿಯೆಂದರೆ ತಿಳಿವಳಿಕೆಯೇ. ಹೆದರಿ ಹಳೆಯ ಹೊಗೆಗೆ ಹಿಂದಿರುಗುವುದೂ ಬೇಡ, ಅಲಕ್ಷಿಸಿ ಹೊಸ ಬೆಂಕಿಯನ್ನು ಮನೆಗೆ ತಂದುಕೊಳ್ಳುವುದೂ ಬೇಡ.

ಪ್ರಿಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಎಷ್ಟೋ ಮಂದಿಯ ಮನೆಗಳಲ್ಲಿ ಸಿಲಿಂಡರಿನ ಮೇಲಿನ ಅಕ್ಷರವನ್ನು ಓದಬಲ್ಲವರು, 1906 ಎಂಬುದನ್ನು ಗೋಡೆಯ ಮೇಲೆ ದೊಡ್ಡದಾಗಿ ಬರೆದಿಡಬಲ್ಲವರು ನೀವೇ ಆಗಿರುತ್ತೀರಿ. ಅಜ್ಜಿಗೂ ಅಮ್ಮನಿಗೂ ತಿಳಿಯಹೇಳುವಾಗ ಅವರು ಅರಿಯದವರೆಂಬ ಭಾವನೆಯು ಬೇಡ. ಒಂದು ಬೆರಣಿಯ ಬೆಂಕಿಯನ್ನು ಬೂದಿಯಲ್ಲಿ ಅಡಗಿಸಿ ಮರುದಿನದವರೆಗೆ ಕಾಯ್ದಿಡಬಲ್ಲ ಕೈಗಳು ಅವರವು. ಬೆಂಕಿಯ ವಿಷಯದಲ್ಲಿ ಅವರು ನಮಗಿಂತ ಹೆಚ್ಚು ಬಲ್ಲರು. ಉರಿಯದ ಬೆಂಕಿಯ ವಿಷಯವೊಂದೇ ಅವರಿಗೆ ಹೊಸದು. ಒಂದು ಕೊಡ ನೀರನ್ನು ಅಡಿಗೆಮನೆಯ ನೆಲದ ಮೇಲೆ ಚೆಲ್ಲಿ, ಅದು ಎತ್ತ ಹರಿಯುತ್ತದೆಂಬುದನ್ನು ಅವರಿಗೆ ತೋರಿಸಿರಿ. ಅಣ್ಣತಮ್ಮಂದಿರನ್ನೂ ಕರೆದು ತೋರಿಸಿರಿ; ಒಲೆಯು ಎಲ್ಲರಿಗೂ ಸೇರಿದುದು. ಉಳಿದುದನ್ನು ಅವರು ತಾವೇ ಗ್ರಹಿಸಿಕೊಳ್ಳುವರು.